ಸತ್ತವರ ಪೀಠಕ್ಕೆ ಹಚ್ಚಿದ ಬತ್ತಿ

ಗಂಗಾವತಿಯ ಕಾಲುವೆ ಮೂಲೆಯಲ್ಲಿ ಬಸ್ಸು ನಿಂತಾಗ ಊರು ಮಲಗಿತ್ತು. ಅಕ್ಕಿ ಗಿರಣಿಯ ಸದ್ದೊಂದೇ… ಗುಂಯ್… ಗುಂಯ್… ಎಂದು ದೂರದಿಂದ ಬರುತ್ತಿತ್ತು.

"ಚರ್ಚಿನ ತನಕ ಬಾ ರೆಜೀನಮ್ಮ. ಅಲ್ಲಿಂದ ಯಾರನ್ನಾದ್ರೂ ಜೋಡಿ ಕಳಸ್ತೀನಿ," ಎಂದರು ಫಾದರ್.

"ಬ್ಯಾಡ್ರಿ ಫಾದರ್. ಇಲ್ಲಿಂದ ಮನಿ ಸನೇವ ಆಗ್ತೈತಿ. ತಂಗೀನ್ನ ಒಮ್ಮೆ ನೋಡಬೇಕ್ರಿ."

ಬಸ್ಸು ಹೋಯಿತು. ಅದರ ಕೆಂಪು ದೀಪ ತಿರುವಿನಲ್ಲಿ ಮರೆಯಾಯಿತು. ರೆಜೀನಮ್ಮ ಪೆಟ್ಟಿಗೆ ಎಳೆಯುತ್ತಾ ಓಣಿಯ ದಾರಿ ಹಿಡಿದಳು. ಒಂದು ಗಾಲಿ ಮುಂಬಯಿಯಲ್ಲೇ ಮುರಿದಿತ್ತು. ಟಕ್… ಸರ್… ಟಕ್… ಸರ್…

ಇದು ಎರಡು ಸಾವಿರನೆಯ ಇಸವಿಯ ಮಾತು, ಕ್ರಿಸ್ತ ಹುಟ್ಟಿ ಎರಡು ಸಾವಿರ ವರ್ಷ ತುಂಬಿದ ಜೂಬಿಲಿಯದು. ಗಂಗಾವತಿ, ಕೊಪ್ಪಳ, ಕುಷ್ಟಗಿ ಕಡೆಯ ನಮ್ಮ ಕ್ರೈಸ್ತರ ಒಂದು ಗುಂಪು ರೋಮಿಗೆ ಯಾತ್ರೆ ಹೋಗಿ, ಅಲ್ಲಿಂದ ಇಟಲಿಯ ಹಳೆಯ ಕಥೆಡ್ರಲ್‌ಗಳಿರುವ ಊರುಗಳನ್ನು ನೋಡಿಕೊಂಡು ತಿರುಗಿ ಬಂದಿತ್ತು. ಕೇಳುವವರು ಮೊದಲೇ ಒಂದು ಮಾತು ತಿಳಿದುಕೊಳ್ಳಬೇಕು. ರೆಜೀನಮ್ಮ ಅಂಜುಬುರುಕಿಯಲ್ಲ. ಮಿಷನ್ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವಳು. ರಾತ್ರಿ ಪಾಳಿಯಲ್ಲಿ ಹೆಣದ ಪಕ್ಕದ ಕುರ್ಚಿಯಲ್ಲಿ ಕೂತು ಚಹಾ ಕುಡಿದವಳು. ಕತ್ತಲೆಗೆ ಅವಳು ಹೆದರುತ್ತಿರಲಿಲ್ಲ.

ಆ ರಾತ್ರಿ ಹೆದರಿದ್ದಳು. ತನ್ನ ಕೈಗೆ ಹೆದರಿದ್ದಳು.

ಅವಳಿಗೆ ಒಬ್ಬಳೇ ತಂಗಿ, ಜಪಮಾಲಿ. ತಾಯಿ ತೀರಿದಾಗ ಜಪಮಾಲಿಗೆ ಇನ್ನೂ ಹಾಲುಹಲ್ಲು ಬಿದ್ದಿರಲಿಲ್ಲ. ಸೊಂಟದ ಮೇಲೆ ಹೊತ್ತು ಬೆಳೆಸಿದವಳು ರೆಜೀನಮ್ಮ. ತಂಗಿಯನ್ನು ಗಿರಣಿಯಲ್ಲಿ ಕೆಲಸ ಮಾಡುವ ಇನ್ನಾಸಪ್ಪನಿಗೆ ಕೊಟ್ಟು ಮದುವೆ ಮಾಡಿದಳು. ತಾನು ಆಗಲಿಲ್ಲ, ಅದೇ ಮನೆಯಲ್ಲಿ ಉಳಿದಳು. ಆ ವರ್ಷ ಜಪಮಾಲಿಯ ಎರಡೂ ಕಿಡ್ನಿ ಕೈಕೊಟ್ಟವು. ಯಾತ್ರೆ ಬಿಡುತ್ತೇನೆಂದು ರೆಜೀನಮ್ಮ ಹಟ ಹಿಡಿದಾಗ ಹಾಸಿಗೆಯಲ್ಲಿದ್ದವಳೇ ಬೈದು ಕಳಿಸಿದಳು.

"ಹೋಗಿ ಬಾ. ದೊಡ್ಡ ಗುಡ್ಯಾಗ ನನ್ನ ಹೆಸರ್ಲೆ ಒಂದು ಮೇಣದ ಬತ್ತಿ ಹಚ್ಚು."

"ಏನಂತ ಬೇಡ್ಕೊಳ್ಳಿ?"

"ಬೇಡ್ಕೊಳ್ಳೂದು ಬತ್ತಿ ನೋಡ್ಕೊಂತೈತಿ. ನೀ ಹೆಸರಷ್ಟ ಹೇಳು, ಸಾಕು. ನೀ ಬಾಯಿ ತೆರದಿ ಅಂದ್ರ ದೇವರಿಗೂ ಔಷಧಿ ಬರದ ಕೊಡಾಕಿ."

ಅಕ್ಕತಂಗಿ ಇಬ್ಬರೂ ನಕ್ಕಿದ್ದರು.

ಇಟಲಿಯ ಆ ಊರಿನ ಹೆಸರನ್ನು ರೆಜೀನಮ್ಮ ನನಗೆ ಎರಡು ಸಲ ಎರಡು ಬಗೆಯಾಗಿ ಹೇಳಿದ್ದಾಳೆ. ಆದ್ದರಿಂದ ನಾನು ಹೇಳುವುದಿಲ್ಲ. ಕಥೆಡ್ರಲ್ ದೊಡ್ಡದು, ಒಳಗೆ ಕತ್ತಲೆ. ಗೋಡೆಗುಂಟ ಸಣ್ಣ ಸಣ್ಣ ಪೀಠಗಳು, ಪ್ರತಿಯೊಂದರ ಮುಂದೆ ಬತ್ತಿ ಹಚ್ಚುವ ಕಬ್ಬಿಣದ ತಟ್ಟೆ. ನಮ್ಮ ಚರ್ಚಿನಲ್ಲಿ ಇರುವುದು ಒಂದೇ ಉಸುಕಿನ ತಟ್ಟೆ, ಮಾತೆಯ ಮುಂದೆ. ಬದುಕಿರುವವರ ಬತ್ತಿ, ಸತ್ತವರ ಬತ್ತಿ, ಪರೀಕ್ಷೆ ಬರೆಯುವ ಮಕ್ಕಳ ಬತ್ತಿ ಎಲ್ಲವೂ ಅದರಲ್ಲೇ ಉರಿಯುತ್ತವೆ. ಹಾಗಾಗಿ ಅವಳು ಯೋಚಿಸಲಿಲ್ಲ. ಒಂದು ಪೀಠದ ಮೇಲೆ ಹೊಗೆ ಹಿಡಿದ ಚಿತ್ರವಿತ್ತು. ಮಂದಿ ಕೈ ಮೇಲೆತ್ತಿ ನಿಂತಿದ್ದರು, ಸೊಂಟದ ಕೆಳಗೆ ಕೆಂಪು. ದೇವದೂತನೊಬ್ಬ ಬಗ್ಗಿ ಒಬ್ಬಳ ಕೈ ಹಿಡಿದಿದ್ದ. ನರ್ಸಿನ ಕಣ್ಣಿಗೆ ಅವರು ಜ್ವರದಲ್ಲಿ ಬೇಯುವ ರೋಗಿಗಳ ಹಾಗೆ ಕಂಡರು. ಇದೇ ಸರಿಯಾದ ಜಾಗ ಎಂದುಕೊಂಡಳು. ಬತ್ತಿ ಹಚ್ಚಿದಳು. ನಮ್ಮಲ್ಲಿ ಹೇಳುವ ಹಾಗೆ ಗಟ್ಟಿಯಾಗಿ ಹೆಸರು ಹೇಳಿದಳು… ಜಪಮಾಲಿ.

ಬಸ್ಸು ಊರು ಬಿಟ್ಟ ಮೇಲೆ ಫಾದರಿಗೆ ಚಿತ್ರದ ವಿಷಯ ಹೇಳಿದಳು. ಅವರು ನಕ್ಕರು.

"ಅವರು ರೋಗಿಗಳಲ್ಲ ರೆಜೀನಮ್ಮ. ಶುದ್ಧೀಕರಣದ ಆತ್ಮಗಳು, ಸ್ವರ್ಗಕ್ಕೆ ಹೋಗೂ ಮುಂಚೆ ಬೆಂಕ್ಯಾಗ ಶುದ್ಧ ಆಗೋರು. ಅದು ಸತ್ತವರ ಪೀಠ. ಇರಲಿ ಬಿಡು, ದೇವರಿಗೆ ಗೊತ್ತಾಗ್ತದ."

ರೆಜೀನಮ್ಮ ನಗಲಿಲ್ಲ. ಬಸ್ಸು ತಿರುಗಿಸಿ, ಹೋಗಿ ಆರಿಸಿ ಬರುತ್ತೇನೆ ಎಂದಳು. ಬಸ್ಸು ತಿರುಗಲಿಲ್ಲ. ಮುಂದಿನ ಊರಿನಿಂದ ಇನ್ನಾಸಪ್ಪನ ಗಿರಣಿಗೆ ಫೋನು ಹಚ್ಚಿದಳು. ಕುರ್ರ್… ಕುರ್ರ್… ಎಂದಿತು. ಯಾರೂ ಎತ್ತಲಿಲ್ಲ. ಆಮೇಲೆ ನೋಡಿದ ಯಾವ ಗೋಪುರವೂ ಅವಳ ಕಣ್ಣಲ್ಲಿ ನಿಲ್ಲಲಿಲ್ಲ. ಜೀವಂತ ತಂಗಿಯ ಹೆಸರನ್ನು ಸತ್ತವರ ನಡುವೆ ತನ್ನ ಕೈಯಾರೆ ಇಟ್ಟು ಬಂದೆ… ಆ ಬತ್ತಿ ಆರುವ ಹೊತ್ತಿಗೆ ಅಲ್ಲಿ ಏನಾಗಿರಬಹುದು? ಅದೊಂದೇ ಚಿಂತೆ.

ಅದೇ ಚಿಂತೆಯನ್ನು ಎಳೆದುಕೊಂಡು ಈಗ ಓಣಿಯಲ್ಲಿ ನಡೆಯುತ್ತಿದ್ದಳು.

ಓಣಿಯ ಬಾಯಿಗೆ ಒಂದು ಸೇದುವ ಬಾವಿಯಿದೆ. ನಳ ಬಂದ ಮೇಲೆ ಯಾರೂ ಸೇದುವುದಿಲ್ಲ. ಗದ್ದೆಯ ಕಡೆಯಿಂದ ಕಪ್ಪೆಗಳು ವಟರ್… ವಟರ್… ಎನ್ನುತ್ತಿದ್ದವು. ಅವಳು ಬಾವಿಯ ಹತ್ತಿರ ಬಂದಳು. ಕಪ್ಪೆಗಳು ನಿಂತವು. ಎಲ್ಲವೂ… ಒಟ್ಟಿಗೆ.

ಕಟ್ಟೆಯ ಮೇಲೆ ಯಾರೋ ಕೂತಿದ್ದರು.

"ಯಾರದು?"

"ನಾನಕ್ಕ."

ರೆಜೀನಮ್ಮನ ಕೈಯಿಂದ ಪೆಟ್ಟಿಗೆ ಜಾರಿತು. ಇದ್ದಾಳೆ. ದೇವರೇ, ಇದ್ದಾಳೆ.

"ಹುಚ್ಚಿ, ಈ ಥಂಡ್ಯಾಗ ಇಲ್ಲಿ ಕುಂತೀಯಲ್ಲ… ಇನ್ನಾಸಪ್ಪ ಹೆಂಗ ಬಿಟ್ಟ ನಿನ್ನ?"

"ಅಂವ ಮಲಗ್ಯಾನ. ನಿನ್ನ ದಾರಿ ನೋಡ್ಕೋತ ಕುಂತೆ."

"ಇಷ್ಟು ದೂರ ನಡದಿ? ನೋವು?"

"ಈಗ ಇಲ್ಲ." ದನಿ ಸಣ್ಣಗಿತ್ತು, ಪಕ್ಕದ ಕೋಣೆಯಿಂದ ಬಂದ ಹಾಗೆ. "ಕೂಡಕ್ಕ. ಭಾಳ ದಣದೀ. ತಲಿ ನೋಡು, ಗುಬ್ಬಿಗೂಡು ಆಗೇತಿ."

ರೆಜೀನಮ್ಮ ಕಟ್ಟೆಯ ಕೆಳಗಿನ ಮೆಟ್ಟಿಲ ಮೇಲೆ ಕೂತಳು. ತಂಗಿ ಹಿಂದೆ, ಮೇಲೆ. ತಲೆಗೆ ಬೆರಳು ತಾಕಿದವು. ತಣ್ಣಗಿದ್ದವು. ಕಿಡ್ನಿ ಹೋದವರ ಕೈ ಹಾಗೇ ಇರುತ್ತದೆ ಎಂದುಕೊಂಡಳು ನರ್ಸು. ಬಾವಿಯೊಳಗೆ ಎಲ್ಲೋ ನೀರು… ತೊಟ್… ತೊಟ್…

"ಬತ್ತಿ ಹಚ್ಚಿದಿ?"

ಸುಳ್ಳು ಹೇಳಬೇಕೆಂದು ವಿಮಾನದಲ್ಲೇ ನಿರ್ಧರಿಸಿದ್ದಳು. ನಾಲಿಗೆ ಏಳಲಿಲ್ಲ.

"ಹಚ್ಚಿದೆ… ತಪ್ಪು ಜಾಗಾದಾಗ ಹಚ್ಚಿದೆ ಜಪಾ. ಅದು ಸತ್ತವರ ಪೀಠಂತ. ನನಗ ಗೊತ್ತಾಗಲಿಲ್ಲ."

ಬೆರಳು ನಿಂತವು. ತೊಟ್… ಎಂದಿತು ನೀರು.

"ನನಗ ಮುಟ್ಟೇತಿ," ಎಂದಳು ಜಪಮಾಲಿ.

"ಏನು ಮುಟ್ಟೇತಿ?"

"ಬೆಳಕು. ಅದಕ್ಕೂ ಮೊದಲ ಭಾಳ ಕತ್ತಲಿತ್ತಕ್ಕ… ಯಾರೂ ಹೆಸರ ಹಿಡದು ಕರೀತಿರಲಿಲ್ಲ. ನೀ ಕರದಿ."

ನೋವಿನ ರಾತ್ರಿಗಳ ಮಾತು ಹೇಳುತ್ತಿದ್ದಾಳೆ ಎಂದು ತಿಳಿದು ರೆಜೀನಮ್ಮ ಕಣ್ಣೊರೆಸಿಕೊಂಡಳು.

"ಅಳಬ್ಯಾಡ. ನೀ ತಪ್ಪು ಮಾಡಿಲ್ಲ," ಎಂದಿತು ಹಿಂದಿನ ದನಿ.

"ನಡಿ, ಮನಿಗೆ ಹೋಗೂಣು."

"ನೀ ಮುಂದ ನಡಿ. ನಾ ಸಾವಕಾಶ ಬರ್ತೀನಿ."

ನಡೆದಳು. ಹಿಂದೆ ಬರಿಗಾಲಿನ ಸದ್ದು… ಸರ್… ಸರ್… ಬೇವಿನ ಮರದ ತನಕ ಕೇಳಿತು. ಆಮೇಲೆ ಕೇಳಲಿಲ್ಲ. ಕೂತು ಸುಧಾರಿಸಿಕೊಳ್ಳುತ್ತಿರಬೇಕು ಎಂದುಕೊಂಡಳು.

ಎದುರು ಮನೆಯ ಕಾಸೀಮಬೀ ಎಚ್ಚರವಾಗಿದ್ದಳು. ಪೆಟ್ಟಿಗೆಯ ಸದ್ದಿಗೆ ಬಾಗಿಲು ತೆರೆದು ಬಂದವಳು ರೆಜೀನಮ್ಮನನ್ನು ತಬ್ಬಿಕೊಂಡಳು, ಹಾಗೇ ಅವಳ ಮನೆಯ ತನಕ ಜೊತೆಗೆ ಬಂದಳು. ಒಳಗೆ ಜಪಮಾಲಿಯ ಮಂಚ ಗೋಡೆಗೆ ನೆಟ್ಟಗೆ ಆನಿಸಿತ್ತು. ಅವಳ ಫೋಟೋ ಮುಂದೆ ಒಣಗಿದ ಚೆಂಡು ಹೂವಿನ ಮಾಲೆ. ಇನ್ನಾಸಪ್ಪ ಚಾಪೆಯಿಂದ ಎದ್ದು ತಲೆ ತಗ್ಗಿಸಿ ನಿಂತ.

"ನೀವು ವಿಮಾನ ಹತ್ತಿದ ರಾತ್ರೀನ ಹೋದ್ಲು ಅಕ್ಕಾರ. 'ಅಕ್ಕಗ ತಿಳಸಬ್ಯಾಡ, ಯಾತ್ರಿ ಮುಗಿಸಿ ಬರ್ಲಿ' ಅಂತ ಆಣಿ ಹಾಕಿಸಿಕೊಂಡ್ಲು. ಫೋನ್ ಬಂದ್ರೂ ಎತ್ತಬ್ಯಾಡ್ರಿ ಅಂತ ಗಿರಣಿಯವರಿಗೆ ನಾನ ಹೇಳಿದ್ದೆ."

"ಸುಳ್ಳು. ಈಗ ಬಾವಿ ಕಟ್ಟಿ ಮ್ಯಾಲ ಕುಂತಿದ್ಲು. ಹಿಂದ ಬರಾಕ್ಹತ್ತಾಳ."

ಬಾಗಿಲು ತೆರೆದೇ ಇತ್ತು. ಯಾರೂ ಬರಲಿಲ್ಲ.

ಆಗ ಅವಳಿಗೆ ತಿಳಿಯಿತು. ಆ ದೂರದ ಕತ್ತಲೆಯ ಗುಡಿಯಲ್ಲಿ ತಾನು ಹೆಸರು ಹೇಳಿದ ಹೊತ್ತಿಗೆ ತಂಗಿ ಮಣ್ಣು ಸೇರಿಯಾಗಿತ್ತು. ಬತ್ತಿ ಹೋಗಬೇಕಾದಲ್ಲಿಗೇ ಹೋಗಿತ್ತು. ಕೈ ಕೊಂದಿರಲಿಲ್ಲ. ಅಷ್ಟು ದಿನ ಎದೆಯ ಮೇಲಿದ್ದ ಭಾರ ಇಳಿಯಿತು. ಇಳಿದ ಜಾಗದಲ್ಲಿ ಏನೂ ಉಳಿಯಲಿಲ್ಲ. ನೆಲಕ್ಕೆ ಕೂತು, ಬಾಯಿಗೆ ಸೆರಗು ಒತ್ತಿಕೊಂಡು ಅತ್ತಳು.

ಕಾಸೀಮಬೀ ಪಕ್ಕದಲ್ಲಿ ಕೂತು ಅವಳ ಬೆನ್ನು ಸವರಿದಳು. ಸವರುತ್ತಿದ್ದ ಕೈ ನಿಂತಿತು.

"ರೆಜೀನಾ… ಈ ಜಡಿ ಯಾರ ಹಾಕಿದ್ರು?"

ರೆಜೀನಮ್ಮ ಹಿಂದಕ್ಕೆ ಕೈ ಹಾಕಿ ನೋಡಿಕೊಂಡಳು. ಮುಂಬಯಿ ಬಿಟ್ಟ ಮೇಲೆ ಅವಳು ಬಾಚಣಿಗೆ ಮುಟ್ಟಿರಲಿಲ್ಲ. ಈಗ ಕೂದಲು ಬಿಗಿಯಾಗಿ, ಒಪ್ಪವಾಗಿ ಹೆಣೆದಿತ್ತು. ತುದಿಗೆ ಹಸಿರು ಬಟ್ಟೆಯ ಒಂದು ಚೂರು ಕಟ್ಟಿತ್ತು.

ಕಾಸೀಮಬೀ ದೀಪ ತಂದಳು. ನೋಡಿದಳು. ಮೆಲ್ಲಗೆ ಹೇಳಿದಳು.

"ಇದು ನನ್ನ ಹಳೇ ಓಢಣಿ ಅಂಚು. ನಾನ ಹರದು ಆಕಿ ಎರಡೂ ಕಾಲಿನ ಹೆಬ್ಬೆರಳು ಜೋಡಿಸಿ ಕಟ್ಟಿದ್ದೆ. ಮಣ್ಣಿಗೆ ಇಡೂವಾಗ ಬಿಚ್ಚಬೇಕಿತ್ತು… ಗಡಿಬಿಡ್ಯಾಗ ಮರತ್ರು."

ಜಪಮಾಲಿ ಬಾವಿಯೊಳಗಿಂದ ಎದ್ದು ಬಂದಳು, ಅವಳ ಕಣ್ಣು ಕೆಂಡದ ಹಾಗಿತ್ತು ಎಂದು ಬಣ್ಣ ಕಟ್ಟಿ ಹೇಳುವವರು ನಮ್ಮ ಓಣಿಯಲ್ಲಿದ್ದಾರೆ. ಅದೆಲ್ಲ ಸುಳ್ಳು. ಇಲ್ಲದ್ದನ್ನು ಸೇರಿಸಿ ಹೇಳುವುದು ನನಗೆ ಬರುವುದಿಲ್ಲ. ನಡೆದದ್ದು ಇಷ್ಟೇ, ಮತ್ತು ಇದು ನಡೆದದ್ದು. ಮರುದಿನ ಬೆಳಗ್ಗೆ ಆ ಬಟ್ಟೆಯನ್ನು ನಾನೇ ಕೈಯಲ್ಲಿ ಹಿಡಿದು ನೋಡಿದ್ದೇನೆ. ನಮ್ಮ ಓಣಿಯದು ಕರಿಮಣ್ಣು, ಬಾವಿಯ ಸುತ್ತಲೂ ಅದೇ. ಸಮಾಧಿಭೂಮಿಯದು ಮಾತ್ರ ಕೆಂಪು. ಬಟ್ಟೆಯ ಗಂಟು ಬಿಚ್ಚಿದಾಗ ಮಡಿಕೆಯೊಳಗೆ ಚಿಟಿಕೆಯಷ್ಟು ಕೆಂಪು ಮಣ್ಣಿತ್ತು. ಇನ್ನೂ ಹಸಿಯಾಗಿತ್ತು.