ರೈಲಿಲ್ಲದ ಹಳಿಗೆ ನಿಂತ ಬಸ್ಸು

ಟೆಕ್ಸಸ್‌ನ ಆ ಪುಟ್ಟ ಊರಿನ ಬೇಕರಿಯಲ್ಲಿ ಬೆಳಿಗ್ಗೆ ಏಳಕ್ಕೇ ಸಾಲು. ಬಿಸಿ ಕೊಲಾಚೆ ಎಂಬ ಸಿಹಿ ಬನ್ನಿಗೆ ಕಾದು ನಿಂತಿದ್ದ ನರ್ಸ್ ಇರ್ಮಾಳಿಗೆ, ಮುಂದಿದ್ದ ಇಬ್ಬರ ಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು. ಒಬ್ಬಳು ಶಾಲಾ ಬಸ್ಸು ಓಡಿಸುವ ಲಿಯೋನಾ, ಇನ್ನೊಬ್ಬ ಜೋಳ ಬೆಳೆಯುವ ಮುದುಕ ಆಲ್ವಿನ್.

“ಇವತ್ತು ಏಳೂವರೆಗೆ ಮೊದಲ ಗೂಡ್ಸ್ ರೈಲು ಬರ್ತದೆ ಕಣೇ! ಹಳಿ ಉಳಿಸೋ ನಮ್ಮ ರೈಲು ಮಂಡಳಿ ಗೆದ್ದುಬಿಡ್ತು.” ಆಲ್ವಿನ್ ಬೀಗಿದ.

“ಕಾಫಿ ಕುಡಿಯೋದು ಬಿಟ್ಟು ನಿಮ್ಮ ಮಂಡಳಿ ಇನ್ನೇನು ಮಾಡಿತೋ?”

“ರೈಲು ಕಂಪನಿಯೋರು ಹಳಿ ಕಿತ್ತು ಗುಜರಿಗೆ ಹಾಕೋಕೆ ಹೊರಟಾಗ ನಾಲ್ಕು ಕೌಂಟಿ ಸೇರಿ ಕೊಂಡ್ಕೊಂಡ್ವಿ. ರಾಜ್ಯದ ಸಾರಿಗೆ ಯೋಜನೆಗೆ ಸೇರಿಸಿ ಅಂತ ರಾಜಧಾನಿ ಆಸ್ಟಿನ್‌ಗೆ ಎಷ್ಟು ಅಲೆದೆ ಗೊತ್ತಾ?”

“ಆಸ್ಟಿನ್‌ನಿಂದ ಹಳಿ ನೋಡೋಕೆ ಬಂದ ಆ ಇಂಜಿನಿಯರ್ ಒಪ್ಪಿದ್ದು ನಿನ್ನ ಭಾಷಣಕ್ಕಲ್ಲ. ನನ್ನ ಬಸ್ಸಿನ ಹಿಂದೆ ಸಿಕ್ಕಿಹಾಕಿಕೊಂಡಿದ್ದಕ್ಕೆ.”

“ಮತ್ತೆ? ರೈಲೇ ಬರದ ಹಳಿ ಹತ್ರ ದಿನಾ ಬಸ್ ನಿಲ್ಲಿಸಿ, ಬಾಗಿಲು ತೆಗೆದು, ಕಿವಿಗೊಟ್ಟು ಕೇಳ್ತೀಯಲ್ಲ!”

“ಶಾಲಾ ಬಸ್ಸು ಅಂದ್ಮೇಲೆ ಹಳಿ ಹತ್ರ ನಿಲ್ಲಲೇಬೇಕು, ಕಾನೂನು. ಯಾಕಮ್ಮ ನಿಂತೆ ಅಂತ ಆ ಇಂಜಿನಿಯರ್ ಕೇಳಿದ. ಹಳಿ ಇದೆಯಲ್ಲಪ್ಪ ಅಂದೆ.”

“ಅವನ ನಕ್ಷೇಲಿ ಈ ಹಳೀನ ಹೊಡೆದುಹಾಕಿದ್ರಂತೆ. ಕಾರಲ್ಲೇ ಕೂತು ಮತ್ತೆ ಬರೆದು ಸೇರಿಸಿದನಂತೆ.”

“ನೀನು ಮಾತ್ರ ಹನ್ನೊಂದು ವರ್ಷ ನನ್ನ ಬಸ್ಸಿನ ಹಿಂದೆ ನಿಂತು ಹಾರ್ನ್ ಹೊಡೆದೆ.”

ಲಿಯೋನಾ ಪೊಟ್ಟಣ ಎತ್ತಿಕೊಂಡು ಹೊರಟಳು. ಆಲ್ವಿನ್ ತನ್ನದನ್ನು ಕೌಂಟರಿನ ಮೇಲೇ ಬಿಟ್ಟು ಹಿಂದೆಯೇ ಓಡಿದ.

“ಎಲ್ಲಿಗೋ?”

“ನಿನ್ನ ಬಸ್ಸಿನ ಹಿಂದೆ.”

“ಇವತ್ತೂ ಹಾರ್ನ್ ಹೊಡೀತೀಯಾ?”

“ಇಲ್ಲ ಮಾರಾಯ್ತಿ, ಟೋಪಿ ತೆಗೆದು ನಿಲ್ತೀನಿ!”

ಇರ್ಮಾಳ ಸರದಿ ಬಂತು. ಹಿಂದೆ ತಿರುಗಿದರೆ ಸಾಲೆಲ್ಲ ಖಾಲಿ, ಎಲ್ಲರೂ ಹಳಿಯತ್ತ. ಮುಂದೆ ನೋಡಿದರೆ ಬೇಕರಿಯವಳೂ ಏಪ್ರನ್ ಬಿಚ್ಚುತ್ತಿದ್ದಳು.