ಬ್ಯಾಗಿಗೆ ಹಿಡಿಸುವ ಸ್ಲೇಟು

ನ್ಯಾಮತಿ ಬಸ್ಸಿಗೆ ಇನ್ನೂ ಹೊತ್ತಿತ್ತು. ಹೊನ್ನಾಳಿ ನಿಲ್ದಾಣದ ಬೆಂಚಿನ ಮೇಲೆ ಕಾಯುತ್ತಿದ್ದ ಕೊಟ್ರಮ್ಮನ ಪಕ್ಕಕ್ಕೆ ಗಂಡ ಹೆಂಡತಿ ಇಬ್ಬರು ಬಂದು ಕುಳಿತರು. ಗಂಡನ ಕೈಯಲ್ಲಿ ಕಂಪ್ಯೂಟರ್ ಅಂಗಡಿಯವನು ರೇಟು ಬರೆದುಕೊಟ್ಟ ಚೀಟಿಯಿತ್ತು. ಒಂದೇ ಬೆಂಚು, ಕೊಟ್ರಮ್ಮ ಬೇಡವೆಂದರೂ ಮಾತು ಕಿವಿಗೆ ಬೀಳುತ್ತಿತ್ತು.

“ಮೇಜಿನ ಮೇಲೆ ಇಡೋದೇ ತಗಳಾನ ಶಾಂತಲಾ. ಅದೇ ದುಡ್ಡಿಗೆ ಪರದೆ ದೊಡ್ಡದೈತೆ. ಚಿತ್ರ ಬರಿವಾಗ ನಡುವೆ ಹ್ಯಾಂಗ್ ಆಗಂಗಿಲ್ಲ ಅಂತ ಅಂಗಡಿಯವನೇ ಅಂದ್ನಲ್ಲ.”

“ಲ್ಯಾಪ್‌ಟಾಪ್ ಆದ್ರೆ ಜೊತೆಗೆ ಒಯ್ಬೋದಿತ್ತು ರೀ.”

“ಎಲ್ಲಿಗೆ?”

“ದಾವಣಗೆರೆ ಪ್ರೆಸ್ಸಿನೋರು ಲಗ್ನಪತ್ರಿಕೆ ಚಿತ್ರ ಬರಿಯಾಕೆ ವಾರಕ್ಕೆ ಮೂರು ದಿನ ಕರೆದಾರಲ್ಲ. ಕಂಪ್ಯೂಟರ್ ನಾವೇ ತರ್ಬೇಕಂತೆ.”

“ಮನ್ಯಾಗೇ ಬರಿ, ಯಾರು ಬ್ಯಾಡ ಅಂದ್ರು? ಅವ್ವನ ಮಂಚದ ಪಕ್ಕ ಮೇಜು ಹಾಕಿಸ್ತೀನಿ. ಅವ್ವ ಕರೆದ್ರೆ ಅಲ್ಲೇ ಇರ್ತೀಯ.”

“ಅತ್ತೆ ದಿನಪೂರ್ತಿ ಟೀವಿ ಹಚ್ಚಿರ್ತಾರೆ.”

“ಇರ್ಲಿ ಬಿಡು. ನೀನು ಬರಿಯೋದು ಕೈಯಾಗೋ, ಕಿವಿಯಾಗೋ?”

ಅವನು ತನ್ನ ಮಾತಿಗೆ ತಾನೇ ನಕ್ಕ. ಶಾಂತಲಾ ನಗಲಿಲ್ಲ.

“ಮಾರಾಯ್ತಿ, ಕಮ್ಮೀದು ಕೊಡಿಸ್ತಿದೀನಾ? ನೀನೇ ಹೇಳು, ಚಿತ್ರಕ್ಕೆ ಯಾವುದು ಚಲೋ?”

“ದೊಡ್ಡದೇ ಚಲೋ ರೀ,” ಎಂದಳು ಶಾಂತಲಾ. ಅದು ನಿಜವೂ ಆಗಿತ್ತು.

“ಮತ್ತೆ? ಏಳು, ಅಂಗಡಿ ಮುಚ್ತಾನೆ.”

“ಕಂಪ್ಯೂಟರಿಗೆ ಸಿಕ್ಕಿಸಿ ಪೆನ್ನಿನಾಗೆ ಬರಿಯೋ ಸ್ಲೇಟು ಮಾತ್ರ ಸಣ್ಣದು ಇರ್ಲಿ.”

“ಯಾಕೆ? ಅದೂ ದೊಡ್ಡದೇ ತಗ.”

“ಬ್ಯಾಡ. ಅದು ನನ್ನ ಬ್ಯಾಗಿಗೆ ಹಿಡಿಸ್ಬೇಕು. ಕಂಪ್ಯೂಟರ್ ಪ್ರೆಸ್ಸಿನೋರದೇ ಕೊಡ್ರಿ ಅಂತ ಕೇಳ್ತೀನಿ.”

ಅಷ್ಟು ಹೇಳಿ ಶಾಂತಲಾ ಎದ್ದಳು. ಬ್ಯಾಗನ್ನು ಹೆಗಲಿಗೇರಿಸಿಕೊಂಡು, ಗಂಡನಿಗಿಂತ ನಾಲ್ಕು ಹೆಜ್ಜೆ ಮುಂದೆಯೇ ಅಂಗಡಿಯತ್ತ ನಡೆದಳು.