ಹಗೇವಿನ ಜೋಳ, ಹೊಳಿಯ ದೋಣಿ

ಕುಂತ್ರೇನ್ರೆಪಾ ಎಲ್ಲಾರೂ? ಕೂಸು ಅತ್ರ ಅಳ್ಲಿ, ದೊಡ್ಡವ್ರು ಸುಮ್ನಿರ್ರಿ. ತುಂಬಿ ಹರಿಯೂ ಒಂದು ಹೊಳಿ, ಹೊಳಿ ದಂಡಿಗೆ ಹೆಸರಿಲ್ಲದ ಒಂದು ನಾಡು. ಪರನಾಡಿನ ರಾಜ ಆಳ್ತಿದ್ದ. ಕಂದಾಯದ ಡಂಗುರ ಕೇಳಿದ್ರ ಸಾಕು, ಜನ ಮನಿಯೊಳಗ ನೆಲದಾಗ ಹಗೇವು ತೋಡಿ, ಜೋಳ ಸುರುವಿ, ಕದ ಹಾಕ್ಕೊಂಡು ಕೂಡ್ತಿದ್ರು. ಯಾಕಂತೀರಿ? ಕೊಟ್ಟ ಜೋಳ ಹಡಗು ಹತ್ತಿ ಹೋಗ್ತಿತ್ತು, ತಿರುಗಿ ಬರ್ತಿದ್ದಿಲ್ಲ. ಮುಚ್ಚಿಡೂದನ್ನ ಊರಿಗೆಲ್ಲಾ ಕಲಿಸಿದಾಕಿ ಬಾಳವ್ವ. ಹಗೇವಿನ ಬಾಯಿ ಕಾಣದಂಗ ಸಗಣಿ ಸಾರಿಸಿ ಬಿಡ್ತಿದ್ಲು.

ಒಂದಿನ ಆ ರಾಜ ಗಂಟುಮೂಟಿ ಕಟ್ಟಿದ. ನಾಡು ನಮ್ಮದಾತು! ಕುಣಿದದ್ದೇ ಕುಣಿದದ್ದು. ಆದ್ರ ಅವ ಹೋಗೂವಾಗ ಬೊಕ್ಕಸ ಬಳದು ಒಯ್ದಿದ್ದ. ಹೊಳಿ ದಾಟೂ ದೋಣಿಗೆ ತೂತು ಬಿದ್ದಿತ್ತು. ಸೂಲಗಿತ್ತಿ ಇದ್ದದ್ದು ಆಚಿ ದಂಡಿಗೆ.

ಊರವ್ರೇ ಆರಿಸಿದ ಹಿರ್ಯಾ ಡಂಗುರ ಸಾರಿಸಿದ. “ನಮ್ಮ ದೋಣಿಗೆ ಮನಿಗೊಂದು ಸೇರು ಜೋಳ ಕೊಡ್ರೆಪೋ!” ಕದ ಮುಚ್ಚಿದ್ವು. ಮತ್ತ ಸಾರಿಸಿದ. ಮತ್ತ ಮುಚ್ಚಿದ್ವು. ಮೂರನೇ ಸಲ ಹಿರ್ಯಾ ತಾನೇ ಬಾಳವ್ವನ ಕದ ಬಡಿದ.

“ಬಾಳಕ್ಕಾ, ಈಗ ರಾಜ ಇಲ್ಲ, ನಾವೇ ಅದೀವಿ. ನಿನ್ನ ಮಗಳೂ ತುಂಬಿದ ಬಸುರಿ.”

“ಯಾರು ಬಡದ್ರೇನೋ, ಡಂಗುರದ ಸಪ್ಪಳ ಅದೇ ಐತಿ,” ಅಂದ್ಲು ಒಳಗಿಂದ. ಕದ ತೆಗೀಲಿಲ್ಲ.

ಹೊಳಿಗೆ ಮಹಾಪೂರ ಬಂತು. ಮಗಳು ನೀಲವ್ವಗ ಬ್ಯಾನಿ ಹತ್ತಿತು, ಕೂಸು ಅಡ್ಡ ಬಂದಿತ್ತು. ಬಾಳವ್ವ ಹಗೇವು ತೆಗೆದು, ಚೀಲ ಹೊತ್ತು ದಂಡಿಗೆ ಓಡಿದ್ಲು.

“ತಗೋ ತಮ್ಮಾ, ಎಲ್ಲಾ ತಗೋ! ದೋಣಿ ಬಿಡು!”

ಅಂಬಿಗ ಕಣ್ಣೀರು ಹಾಕಿದ. “ಯವ್ವಾ, ಆವತ್ತ ಕೊಟ್ಟಿದ್ರ ಹಲಿಗಿ ತಂದು ದೋಣಿ ತೂತು ಮುಚ್ಚತಿದ್ದೆ. ಈಗ ಜೋಳದ ಚೀಲ ಹತ್ತಿ ಹೊಳಿ ದಾಟಾಕ ಆಗ್ತೈತೇನು?”

ಆಚಿ ದಂಡಿಗೆ ಸೂಲಗಿತ್ತಿ ನಿಂತದ್ದು ಕಾಣ್ತಿತ್ತು. ಬರಾಕ ದಾರಿ ಇರ್ಲಿಲ್ಲ. ತಾಯಿ ಕೂಸು ಎರಡೂ ಹೋದ್ವು.

ಮಣ್ಣು ಮಾಡಿ ಬಂದ ಬಾಳವ್ವ ಡಂಗುರ ತಾನೇ ಕೊರಳಿಗೆ ಹಾಕ್ಕೊಂಡು ಬಡಿದ್ಲು. ಏನಾತು? ಪಟಪಟ ಕದ ಮುಚ್ಚಿದ್ವು. ಆಕಿನೇ ಕಲಿಸಿದ್ದಲ್ಲೇನು! ಮೊದಲ್ನೇ ಮನಿ ಮುಂದ ಹೋಗಿ ಕುಂತ್ಲು.

“ಫಕೀರವ್ವಾ, ನಿನ್ನ ಹಗೇವು ಒಲಿ ಬಲಕ್ಕೈತಿ. ನಾನೇ ತೋಡಿಸಿದ್ದು. ಅಗಿಯಾಕ ಬಂದಿಲ್ಲ ನಾನು. ನಿನ್ನ ಸೊಸಿಗೂ ದಿನ ತುಂಬಾಕ ಬಂದಾವಲ್ಲ, ನೀನೇ ತೆಗಿಯವ್ವಾ.”

ಕದ ತೆರೀತು. ಅದನ್ನ ನೋಡಿ ಇನ್ನೊಂದು.

ದೋಣಿ ನೀರಿಗಿಳೀತು. ಸೂಲಗಿತ್ತಿನ್ನ ಬಾಳವ್ವನೇ ಕೈಹಿಡಿದು ಇಳಿಸ್ಕೊಂಡ್ಲು. “ಬಂದ್ಯಾ ಯವ್ವಾ?” ಅಂದ್ಲು, ಅಷ್ಟ. ಫಕೀರವ್ವನ ಮನಿಗೆ ಕರಕೊಂಡು ಹೋಗೂವಾಗ ತನ್ನ ಮನಿ ಕಡೆ ಮಾತ್ರ ನೋಡಲಿಲ್ಲ.

ದೋಣಿ ಆಚಿ ದಂಡಿಗೆ, ಕತಿ ಈಚಿ ದಂಡಿಗೆ. ಏಳ್ರಿ ಇನ್ನ.